ತವಾದ ಮೇಲಿನ ಚಾವಿ

ಡೊಂಬಿವಲಿ ಪೂರ್ವ
18 ನವೆಂಬರ್ 2002

ಪ್ರೀತಿಯ ಅಶ್ಮಿತಾ,

ಇಲ್ಲಿ ನಾನೂ ಪಪ್ಪನೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ದೋಸೆ ಮಾತ್ರ. ನಗಬೇಡ, ವಿಷಯ ದೊಡ್ಡದಿದೆ. ಭಾನುವಾರ ನೀನು ಹಾಸ್ಟೆಲಿನಿಂದ ಫೋನ್ ಮಾಡಿದಾಗ ಹೇಳಬೇಕೆಂದಿದ್ದೆ, ಆದರೆ ನಮ್ಮ ಬಿಲ್ಡಿಂಗಿನ ಗೋಡೆ ನಿನಗೆ ಗೊತ್ತಲ್ಲ, ಇಲ್ಲಿ ಸೀನಿದರೆ ಅಲ್ಲಿಂದ ಆಶೀರ್ವಾದ ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ನೀನೂ ಈ ಬಗ್ಗೆ ಫೋನಿನಲ್ಲಿ ಬಾಯಿಬಿಡಬೇಡ.

ನಿನ್ನ ಅಜ್ಜಿ ಕಾಪುವಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಕಬ್ಬಿಣದ ಕಾವಲಿ ಇದೆಯಲ್ಲ, ಅದರಿಂದ ದೋಸೆ ಏಳುತ್ತಿಲ್ಲ. ಇಪ್ಪತ್ತು ವರ್ಷ ಎಲೆಯ ಹಾಗೆ ಎದ್ದು ಬರುತ್ತಿದ್ದ ದೋಸೆ ಈಗ ಕಚ್ಚಿಕೊಂಡು ಕುಳಿತಿರುತ್ತದೆ. ಮೊದಲು ಅಕ್ಕಿಯನ್ನು ಬೈದೆ, ಆಮೇಲೆ ಉದ್ದನ್ನು ಬೈದೆ. ಘೋಡಬಂದರ್ ರಸ್ತೆಯ ದೊಡ್ಡ ಹೋಟೆಲಿನ ಕ್ಯಾಪ್ಟನ್ ಆಗಿರುವ ನಿನ್ನ ಪಪ್ಪ, "ಎಂತ ಮಾರಾಯ್ತಿ, ನಿನ್ನ ಕೈಯೇ ಹೋಯ್ತಾ ಹೇಗೆ?" ಎಂದರು. ಆ ದಿನ ಅವರಿಗೆ ಬ್ರೆಡ್ಡೇ ಗತಿಯಾಯಿತು.

ನಿನ್ನೆ ಕಾವಲಿಯನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬಿಳಿ ಹಿಟ್ಟು ಒಣಗಿ ಕೂತಿತ್ತು. ಮೂಗಿಗೆ ಹಿಡಿದರೆ ಜೋಳ! ನೀನು ಏಳನೇ ಕ್ಲಾಸಿನಲ್ಲಿ ಅದರ ಮೇಲೆ ಚಪಾತಿ ಸುಟ್ಟು ಬೈಸಿಕೊಂಡದ್ದು ನೆನಪಿರಬೇಕು. ಆಮೇಲೆ ಹದಿನೈದು ದಿನ ದೋಸೆ ಎದ್ದಿರಲಿಲ್ಲ. ಜೋಳದ ರೊಟ್ಟಿಯನ್ನು ಉರಿ ಹೆಚ್ಚಿಸಿ ಸುಟ್ಟರೆ ಕೇಳುವುದೇ ಬೇಡ. ನಮ್ಮ ಮನೆಯಲ್ಲಿ ಜೋಳದ ಹಿಟ್ಟೇ ಇಲ್ಲ. ಈ ಮಾಳಿಗೆಯಲ್ಲಿ ರೊಟ್ಟಿ ತಟ್ಟುವವಳು ಒಬ್ಬಳೇ, ನಮ್ಮ ಚಾವಿ ಇರುವುದೂ ಅವಳ ಹತ್ತಿರವೇ.

ಹೌದು, ಪಕ್ಕದ ಮನೆಯ ಚಂದ್ರಬಾಯಿ. ನಾನು ಡಾಕ್ಟರ ದವಾಖಾನೆಯ ಕೆಲಸಕ್ಕೆ ಹೋದ ಮೇಲೆ ಹನ್ನೊಂದಕ್ಕೆ ನೀರು ಬಂದಾಗ ಆರು ವರ್ಷದಿಂದ ನಮ್ಮ ಡ್ರಮ್ಮು ತುಂಬುವವಳು. ಒಂದು ಚಮಚ ಆಚೀಚೆ ಆದದ್ದಿಲ್ಲ. ಈಗ ನೋಡಿದರೆ ಗ್ಯಾಸ್ ಸಿಲಿಂಡರ್ ಕೂಡ ಹತ್ತು ದಿನ ಮೊದಲೇ ಮುಗಿಯುತ್ತಿದೆ. ನನ್ನ ಮನೆಯಲ್ಲಿ, ನನ್ನ ಒಲೆಯ ಮೇಲೆ, ನನ್ನ ಕಾವಲಿಯಲ್ಲಿ! ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಬೇಸರ ಬಂದಿದೆ. ಕೇಳಬಾರದಿತ್ತೇ ಅವಳು?

ಊಟ ಸರಿಯಾಗಿ ಮಾಡು. ತಲೆಗೆ ಎಣ್ಣೆ ಹಾಕು.

ನಿನ್ನ ಅಮ್ಮ,
ಸುಂದರಿ


ನರ್ಸಿಂಗ್ ಹಾಸ್ಟೆಲ್, ಉಡುಪಿ
27 ನವೆಂಬರ್ 2002

ಅಮ್ಮಾ,

ನಿನ್ನ ಪತ್ರವನ್ನು ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎಲ್ಲರೂ ನಿನ್ನ ಕಡೆಗೇ ಇದ್ದಾರೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮಾಫ್ ಮಾಡು. ಇಲ್ಲಿಯವರು ನನ್ನನ್ನು 'ಬೊಂಬಾಯಿ' ಎಂದೇ ಕರೆಯುತ್ತಾರೆ.

ಇದರಲ್ಲಿ ಯೋಚನೆ ಮಾಡುವುದು ಏನಿದೆ? ಚೋರಿ ಅಂದರೆ ಚೋರಿ. ಮೊದಲು ಬೀಗ ಬದಲಿಸು. ಆಮೇಲೆ ಸೊಸೈಟಿ ಸೆಕ್ರೆಟರಿಗೆ ಹೇಳು. ಇಲ್ಲವಾದರೆ ಸೀದಾ ಅವರ ಮನೆಗೆ ಹೋಗಿ, "ಏನು ಚಂದ್ರಬಾಯಿ, ನಮ್ಮ ಕಾವಲಿ ಚೆನ್ನಾಗಿ ಕಾಯುತ್ತದಾ?" ಎಂದು ಕೇಳು. ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಇವತ್ತು ಗ್ಯಾಸ್, ನಾಳೆ ಕಪಾಟು. ನೀನು ತುಂಬಾ ಭೋಳಿ ಇದ್ದಿ ಅಮ್ಮ, ಎಲ್ಲರನ್ನೂ ನಂಬುತ್ತಿ.

ಅವರ ಮಗಳು ಮಾಲಾ ಇದರಲ್ಲಿ ಇಲ್ಲ, ಅದು ನನಗೆ ಪಕ್ಕಾ ಗೊತ್ತು. ಅವಳಿಗೆ ಏನೂ ಹೇಳಬೇಡ. ಈ ವರ್ಷ ಅವಳಿಗೆ ಬೋರ್ಡ್ ಪರೀಕ್ಷೆ.

ಇಲ್ಲಿ ಸಾಂಬಾರು ಎಂದು ಕೊಡುವುದನ್ನು ನೋಡಿದರೆ ಪಪ್ಪ ಅಳುತ್ತಾರೆ.

ಅಶ್ಮಿತಾ


ಡೊಂಬಿವಲಿ ಪೂರ್ವ
14 ಡಿಸೆಂಬರ್ 2002

ಅಶ್ಮಿತಾ,

ಬೀಗ ಬದಲಿಸಲಿಲ್ಲ. ಬೈಯಬೇಡ, ಪೂರ್ತಿ ಓದು.

ಕಳೆದ ಗುರುವಾರ ಡಾಕ್ಟರರಿಗೆ ಸಂಬಂಧಿಕರ ಮದುವೆ ಇದ್ದದ್ದರಿಂದ ಹನ್ನೊಂದೂವರೆಗೇ ದವಾಖಾನೆ ಮುಚ್ಚಿತು. ಮೆಟ್ಟಿಲು ಹತ್ತುವಾಗಲೇ ಪಟ ಪಟ ಎಂದು ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಚಂದ್ರಬಾಯಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು, ಗಂಡ ಒಳಗೆ ಮಲಗಿದ್ದಾಗ ಅವಳು ಹಾಗೆ ಹಾಕಿ ಬರುವುದುಂಟು. ಸದ್ದು ಬರುತ್ತಿದ್ದದ್ದು ನಮ್ಮ ಅಡುಗೆಮನೆಯಿಂದ.

ಗಂಟೆ ಒತ್ತಲು ಕೈ ಎತ್ತಿದೆ. ನೀನು ಕಲಿಸಿಕೊಟ್ಟ ಮಾತು ಬಾಯಿಯ ತುದಿಯಲ್ಲೇ ಇತ್ತು. ಆದರೆ ಒಳಗಿನಿಂದ ಸದ್ದು ನಿಂತು ನಿಂತು ಬರುತ್ತಿತ್ತು. ನಾಲ್ಕು ಸಲ ತಟ್ಟುವುದು, ನಿಲ್ಲಿಸಿ ಹೊರಗಿನದಕ್ಕೆ ಕಿವಿಗೊಡುವುದು, ಮತ್ತೆ ನಾಲ್ಕು ಸಲ ತಟ್ಟುವುದು. ಹೆದರಿಕೊಂಡು ರೊಟ್ಟಿ ಮಾಡುವವರನ್ನು ನಾನು ಈವರೆಗೆ ಕಂಡಿರಲಿಲ್ಲ ಅಶ್ಮಿತಾ. ಬಾಗಿಲು ತೆಗೆದರೆ ಅವಳು ಏನು ಹೇಳಬೇಕು, ನಾನು ಏನು ಹೇಳಬೇಕು? ಎತ್ತಿದ ಕೈಯನ್ನು ಇಳಿಸಿ ಸದ್ದಾಗದ ಹಾಗೆ ಕೆಳಗೆ ಬಂದೆ. ನನ್ನ ಮನೆಯ ಮೆಟ್ಟಿಲನ್ನು ನಾನೇ ಕಳ್ಳಿಯ ಹಾಗೆ ಇಳಿದೆ.

ಗೇಟಿನ ಬಳಿ ವಾಚ್‌ಮನ್ ಮುರಾರಿ ಸ್ಟೂಲು ಕೊಟ್ಟ. ಅವನ ಬಾಯಿಯಿಂದಲೇ ತಿಳಿಯಿತು. ಚಂದ್ರಬಾಯಿಯ ಗಂಡ ರೇವಣಸಿದ್ದ ಕೆಲಸ ಮಾಡುತ್ತಿದ್ದ ಬಣ್ಣದ ಕಂಪನಿ ದಸರಾ ಆದ ಮೇಲೆ ಬಂದ್ ಆಗಿದೆಯಂತೆ. ಮುರಾರಿಯ ತಮ್ಮನೂ ಅಲ್ಲೇ ಇದ್ದವನು. "ಹಾಗಾದರೆ ಇವರು ದಿನಾ ಎಲ್ಲಿಗೆ ಹೋಗುತ್ತಾರೆ?" ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದ. ಸ್ವಲ್ಪ ಹೊತ್ತಿಗೆ ರೇವಣಸಿದ್ದ ಇಳಿದು ಬಂದ. ಎಂದಿನ ಸೆಕೆಂಡ್ ಶಿಫ್ಟಿನ ವೇಳೆ, ಎಂದಿನ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊಟದ ಡಬ್ಬಿ. "ಏನ್ರಿ ಅಕ್ಕಾರ, ಇವತ್ತು ಲಗೂನ ಬಂದೀರಿ?" ಎಂದು ನಕ್ಕ. ಆ ಡಬ್ಬಿಯ ರೊಟ್ಟಿ ನಮ್ಮ ಒಲೆಯದು. ಪಾಪ, ಅವನಿಗೂ ಅದು ಗೊತ್ತಿದ್ದ ಹಾಗೆ ಕಾಣಲಿಲ್ಲ.

ಅವರ ಗ್ಯಾಸ್ ಮುಗಿದಿರಬೇಕು. ಸೀಮೆಎಣ್ಣೆ ಸ್ಟವ್ ಹಚ್ಚಿದರೆ ಮಾಳಿಗೆಗೆಲ್ಲ ವಾಸನೆ ಬರುತ್ತದೆ, ಜನ ಕೇಳುತ್ತಾರೆ. ಪಪ್ಪನಿಗೆ ಹೇಳಿದೆ. ಅವರು, "ಗೊತ್ತಿಲ್ಲದವರ ಹಾಗೆ ಇದ್ದುಬಿಡು" ಎಂದರು. ಆದರೆ ಕಾವಲಿ? ನಾನು ಒಂದು ಉಪಾಯ ಮಾಡಿದೆ. ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಯಿಂದ ಒಂದು ರೊಟ್ಟಿ ತವಾ ತಂದೆ. ಒಳ್ಳೆಯ ದಪ್ಪ ತಳದ್ದು. ಸೋಮವಾರ ಕಾವಲಿಯನ್ನು ಮೊಳೆಗೆ ತೂಗುಹಾಕಿ, ತವಾವನ್ನು ಒಲೆಯ ಮೇಲೆ ಇಟ್ಟು ಹೋಗುತ್ತೇನೆ. ಮಾತಿಲ್ಲ, ಕತೆಯಿಲ್ಲ. ಅವಳಿಗೂ ಅರ್ಥವಾಗುತ್ತದೆ, ನನ್ನ ದೋಸೆಯೂ ಏಳುತ್ತದೆ. ನಿನ್ನ ಅಮ್ಮ ಭೋಳಿಯಲ್ಲ, ತಿಳಿಯಿತಾ?

ಸುಂದರಿ


ಡೊಂಬಿವಲಿ ಪೂರ್ವ
19 ಜನವರಿ 2003

ಅಶ್ಮಿತಾ,

ಒಂದು ತಿಂಗಳು ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ಬರೆಯಲು ಮುಖವಿರಲಿಲ್ಲ.

ತವಾ ಇಟ್ಟುಹೋದ ದಿನ ಮಧ್ಯಾಹ್ನ ಹುರುಪಿನಿಂದಲೇ ಬಂದೆ. ಡ್ರಮ್ಮು ತುಂಬಿತ್ತು. ತವಾ ಇಟ್ಟಲ್ಲೇ ಇತ್ತು, ಅಂಗಡಿಯವರ ಚೀಟಿ ಕೂಡ ಹರಿದಿರಲಿಲ್ಲ. ಅದರ ನಡುವೆ ನಮ್ಮ ಮನೆಯ ಚಾವಿ. ನಮ್ಮದು ಎಳೆದರೆ ಬೀಳುವ ಬೀಗ ನೋಡು, ಚಾವಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡು ಹೋಗಿದ್ದಾಳೆ.

ಹೋಗಿ ಅವಳ ಬಾಗಿಲು ತಟ್ಟಿದೆ. ಅರ್ಧ ತೆರೆದು, "ಮಾಲಾಂದು ಪರೀಕ್ಷಾ ಅದ ಅಕ್ಕಾ, ಇನ್ನ ನಿಮ್ಮ ನೀರು ತುಂಬೋದು ನನ್ನ ಕಡೆ ಆಗಂಗಿಲ್ಲ" ಎಂದಳು. ನನ್ನ ಮುಖ ನೋಡಲಿಲ್ಲ. ನಾನಾದರೂ ಏನಾದರೂ ಹೇಳಬೇಕಿತ್ತು. "ಆಯ್ತು" ಎಂದು ಬಂದೆ. ಆಮೇಲೆ ಒಳಗೆ ಕುಳಿತು ಕುದಿದುಹೋದೆ. ತೆಗೆದುಕೊಂಡವಳು ಅವಳು, ಉಪಕಾರ ಮಾಡಿದವಳು ನಾನು, ಮುಖ ತಿರುಗಿಸುವುದೂ ಅವಳೇ? ಒಂದು ಮಾತು ಬೈದಿದ್ದೇನೆಯೇ? ಯಾರಿಗಾದರೂ ಹೇಳಿದ್ದೇನೆಯೇ?

ಅಂದಿನಿಂದ ನೀರಿನ ಪಾಡು ಕೇಳಬೇಡ. ಪಪ್ಪ ಅರ್ಧ ಬಕೆಟಿನಲ್ಲಿ ಸ್ನಾನ ಮಾಡಿ ಕ್ಯಾಪ್ಟನ್ ಆಗುತ್ತಿದ್ದಾರೆ.

ಕಳೆದ ಸೋಮವಾರ ನಾನು ದವಾಖಾನೆಯಿಂದ ಬರುವಷ್ಟರಲ್ಲಿ ಪಕ್ಕದ ಮನೆ ಖಾಲಿಯಾಗಿತ್ತು. ಟೆಂಪೋ ಬಂದಿತ್ತಂತೆ. ಟಿಟ್ವಾಳಾದಲ್ಲಿ ಕಡಿಮೆ ಬಾಡಿಗೆಗೆ ಒಂದು ಖೋಲಿ ಸಿಕ್ಕಿದೆಯಂತೆ. ಹೋಗುತ್ತೇನೆಂದು ಒಂದು ಮಾತು ಹೇಳಲಿಲ್ಲ. ನೆಲ ಒರೆಸಿ, ಬಾಗಿಲಿನ ಮುಂದೆ ಗುಡಿಸಿ, ಹಾಗೆಯೇ ನಮ್ಮ ಬಾಗಿಲಿನ ಮುಂದೆಯೂ ಗುಡಿಸಿ ಹೋಗಿದ್ದಾಳೆ.

ದೋಸೆ ಈಗ ಚೆನ್ನಾಗಿ ಏಳುತ್ತಿದೆ. ತಿನ್ನಲು ಮನಸ್ಸಿಲ್ಲ.

ಅಮ್ಮ


ಉಡುಪಿ
9 ಫೆಬ್ರವರಿ 2003

ಅಮ್ಮಾ,

ನಿನ್ನ ಪತ್ರವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಮೊದಲ ಪತ್ರಕ್ಕೆ ನಾನು ಬರೆದ ಉತ್ತರ ನೆನಪಾಗಿ ಶರಮ್ ಆಯಿತು.

ನಿನಗೆ ಒಂದು ಮಾತು ಹೇಳಬೇಕು. ಸಿಟ್ಟಾಗಬೇಡ. ಸಿಟ್ಟಾದರೂ ಪರವಾಗಿಲ್ಲ, ಹೇಳುತ್ತೇನೆ.

ಚಂದ್ರಬಾಯಿ ಮೌಶಿ ಪ್ರತಿ ಅಮಾವಾಸ್ಯೆಗೆ, ಪ್ರತಿ ಹಬ್ಬಕ್ಕೆ ಬಟ್ಟೆಯಲ್ಲಿ ಸುತ್ತಿ ರೊಟ್ಟಿ ಕೊಡುತ್ತಿದ್ದರು, ಜೊತೆಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ. ನೀನು ಯಾವತ್ತಾದರೂ ತಿಂದಿದ್ದೀಯಾ? "ನಮಗೆ ಇದು ಜೀರ್ಣವಾಗುವುದಿಲ್ಲ" ಎಂದು ಕೆಲಸದವಳಿಗೆ ಕೊಡುತ್ತಿದ್ದೆ. ಅವಳು ಅದೇ ಬಟ್ಟೆಯ ಗಂಟನ್ನು ಹಿಡಿದುಕೊಂಡು ಮೌಶಿಯ ಬಾಗಿಲಿನ ಎದುರಿನಿಂದಲೇ ಮೆಟ್ಟಿಲು ಇಳಿಯುತ್ತಿದ್ದಳು. ನಾನು ಒಂದು ದಿನ ಅಲ್ಲೇ ಮಾಲಾನ ಜೊತೆ ಅಭ್ಯಾಸ ಮಾಡುತ್ತಾ ಕುಳಿತಿದ್ದೆ. ಮೌಶಿ ನೋಡಿದರು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ನಾನು ಅವರ ಬುಟ್ಟಿಯಿಂದ ಕೇಳದೆಯೇ ತೆಗೆದು ತಿನ್ನುತ್ತಿದ್ದೆ ಅಮ್ಮ, ಎಷ್ಟು ವರ್ಷ! ಅದನ್ನು ಯಾರೂ ಚೋರಿ ಎನ್ನಲಿಲ್ಲ.

ನೀನು ಅವರಿಗೆ ಎಷ್ಟೋ ಕೊಟ್ಟಿದ್ದಿ, ಪತ್ರೊಡೆ, ಕೋಳಿ ಗಸಿ, ನನ್ನ ಹಳೇ ಡ್ರೆಸ್. ಅವರದ್ದು ಒಂದಾದರೂ ತೆಗೆದುಕೊಂಡಿದ್ದಿಯಾ? ನಮ್ಮ ರೊಟ್ಟಿ ತಿನ್ನದವರ ಹತ್ತಿರ ಹೋಗಿ ರೊಟ್ಟಿ ಮಾಡಲು ಒಲೆ ಕೊಡಿ ಎಂದು ಹೇಗೆ ಕೇಳುವುದು? ಆಮೇಲೆ ನೀನು ತವಾ ಕೊಟ್ಟೆ. ಅದೂ ಕೊಟ್ಟದ್ದೇ. ಅದೂ ನಿನ್ನ ಕಾವಲಿ ಹಾಳಾಗಬಾರದೆಂದು.

ಇಷ್ಟು ಬರೆದು ಎರಡು ದಿನ ಪೋಸ್ಟ್ ಮಾಡಲಿಲ್ಲ. ಈಗ ಮಾಡುತ್ತಿದ್ದೇನೆ.

ನಿನ್ನ
ಅಶ್ಮಿತಾ


ಡೊಂಬಿವಲಿ ಪೂರ್ವ
6 ಏಪ್ರಿಲ್ 2003

ಚಂದ್ರಬಾಯಿಯವರಿಗೆ, ಪಕ್ಕದ ಮನೆಯ ಸುಂದರಿಯ ನಮಸ್ಕಾರ.

ವಿಳಾಸ ಕೊಟ್ಟದ್ದು ಮುರಾರಿ, ಅವನನ್ನು ಬೈಯಬೇಡಿ. ಈ ಪತ್ರವನ್ನು ಮಾಲಾ ನಿಮಗೆ ಓದಿ ಹೇಳುತ್ತಾಳೆಂದು ಗೊತ್ತು. ಅವಳೂ ಕೇಳಿಸಿಕೊಳ್ಳಲಿ, ದೊಡ್ಡವಳಾಗಿದ್ದಾಳೆ. ಮಾಲಾ, ನಿನ್ನ ಪರೀಕ್ಷೆ ಚೆನ್ನಾಗಿ ಆಯಿತು ಎಂದುಕೊಂಡಿದ್ದೇನೆ.

ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಮೊದಲಿನ ಮೂರರಲ್ಲಿ ನಾನು ತುಂಬಾ ಒಳ್ಳೆಯವಳಾಗಿ ಕಾಣುತ್ತಿದ್ದೆ, ಹರಿದು ಹಾಕಿದೆ.

ನೀವು ಕೊಟ್ಟ ರೊಟ್ಟಿಯನ್ನು ನಾನು ತಿನ್ನಲಿಲ್ಲ. ಆರು ವರ್ಷದಲ್ಲಿ ಒಂದು ಸಲವೂ ತಿನ್ನಲಿಲ್ಲ. ನಿಮಗೆ ಅದು ಗೊತ್ತಿತ್ತು, ಗೊತ್ತಿದ್ದೂ ಮುಂದಿನ ಹಬ್ಬಕ್ಕೆ ಮತ್ತೆ ಕೊಡುತ್ತಿದ್ದಿರಿ. ಇದಕ್ಕೆ ನಾನು ಯಾವ ಕಾರಣವನ್ನೂ ಹೇಳುವುದಿಲ್ಲ. ಹೇಳಿದರೆ ಅದು ಸುಳ್ಳಾಗುತ್ತದೆ. ನನಗೆ ನಾಚಿಕೆಯಾಗಿದೆ.

ನೀವು ನಮ್ಮ ಒಲೆಯ ಮೇಲೆ ರೊಟ್ಟಿ ಮಾಡುತ್ತಿದ್ದ ಒಂದು ದಿನ ನಾನು ಬಾಗಿಲಿನ ಹೊರಗೆ ನಿಂತಿದ್ದೆ. ಬಂದು ಜೊತೆಗೆ ಕುಳಿತು, "ನನಗೂ ಒಂದು ಹಾಕಿ" ಎನ್ನಬಹುದಾಗಿತ್ತು. ಆ ಬುದ್ಧಿ ಆಗ ಬರಲಿಲ್ಲ. ಕಾವಲಿ ಹಾಳಾಗುತ್ತದೆಂದು ಅಂಗಡಿಗೆ ಹೋಗುವ ಬುದ್ಧಿ ಬಂತು.

ಇಲ್ಲಿ ಹನ್ನೊಂದಕ್ಕೆ ನೀರು ಬರುತ್ತದೆ, ಹೋಗುತ್ತದೆ. ನೀರಿಗಾಗಿ ಇದನ್ನು ಬರೆಯುತ್ತಿಲ್ಲ. ಪಕ್ಕದಲ್ಲಿ ತಟ್ಟುವ ಸದ್ದಿಲ್ಲದೆ ನನಗೆ ಮನೆಯಲ್ಲಿ ಇರಲಾಗುತ್ತಿಲ್ಲ.

ಸುಂದರಿ


ಟಿಟ್ವಾಳಾ
29 ಏಪ್ರಿಲ್ 2003

ಸುಂದರಕ್ಕಗ ಚಂದ್ರಬಾಯಿ ಬರಸೂದು,

ನಿನ್ನ ಕಾಗದ ಮಾಲಾ ಎರಡು ಸಲ ಓದಿದಳು. ಮೂರನೇ ಸಲ ಓದು ಅಂದ್ರ, ಅವ್ವಾ ನಿನ್ನ ಕಣ್ಣೀರು ಹಾಳಿ ಮ್ಯಾಲ ಬೀಳ್ತಾವ, ದೂರ ಕೂಡು ಅಂದಳು. ನಾ ಹೇಳಿದ್ದು ಹೇಳಿದಂಗ ಬರಿ ಅಂತ ಆಕಿಗೆ ಆಣಿ ಹಾಕೀನಿ.

ಅಕ್ಕಾ, ಮದಲ ನಂದು ತಪ್ಪು. ಕೀಲಿ ನೀರಿಗಂತ ಕೊಟ್ಟಿದ್ದಿ, ನಾ ಒಲಿ ಹಚ್ಚಿದೆ. ನಮ್ಮ ಗ್ಯಾಸ್ ತೀರಿತ್ತು, ಒಂದ ದಿನ ಅಂತ ಹಚ್ಚಿದೆ. ನಮ್ಮ ಮನಿಯವರು, ಕಂಪನಿ ಬಂದ್ ಆಗಿದ್ದು ಯಾರಿಗೂ ಹೇಳಬ್ಯಾಡ, ಹೇಳಿದ್ರ ನಾ ಊರಿಗಿ ಹೋಗಿಬಿಡ್ತೀನಿ ಅಂದಿದ್ರು. ಕಲ್ಯಾಣ ಮಾರ್ಕೆಟ್ಟಿನಾಗ ಹಮಾಲಿ ಮಾಡಿ, ಅಲ್ಲೇ ನಳದಾಗ ಮಾರಿ ತೊಳಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಿದ್ರು. ಡಬ್ಬಿ ಇಲ್ಲದ ಹ್ಯಾಂಗ ಕಳಸ್ಲಿ? ಯಾರ ಮನ್ಯಾಗ ಸುಟ್ಟೀನಿ ಅಂತ ಅವರಿಗೂ ಹೇಳಲಿಲ್ಲ. ನಿನ್ನ ಕಾವಲಿ ಕೆಡ್ತದ ಅಂತ ನನಗ ಗೊತ್ತಿರಲಿಲ್ಲ ನೋಡು. ನಾವು ದೋಸಿ ಮಾಡೋರಲ್ಲ. ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಇಡ್ತಿದ್ದೆ, ಸ್ವಚ್ಛ ಇರಲಿ ಅಂತ. ಈಗ ಮಾಲಾ ಹೇಳಿದಳು, ತಿಕ್ಕಿದ್ದಕ್ಕ ಇನ್ನೂ ಕೆಟ್ಟದ ಅಂತ!

ಆ ತವಾ ನೋಡಿ ನನ್ನ ಮಾರಿ ಸುಟ್ಟಂಗ ಆತು. ನೀ ಬೈದಿದ್ರ ಛಲೋ ಇತ್ತು. ಬೈದಿದ್ರ ನಾನೂ ಬೈತಿದ್ದೆ, ಆರು ವರ್ಸದ ರೊಟ್ಟಿದೂ ಸೇರಿಸಿ ಬೈತಿದ್ದೆ. ಆಮ್ಯಾಲ ಇಬ್ಬರೂ ಅತ್ತು ಚಾ ಕುಡೀತಿದ್ವಿ.

ಈಗ ಛಲೋ ಅದೀವಿ. ಅವರಿಗೆ ಠಾಕುರ್ಲಿ ಕಡೆ ಒಂದು ಗೋದಾಮಿನಾಗ ಕೆಲಸ ಸಿಕ್ಕದ. ನಾ ಇಲ್ಲಿ ಒಂದು ಖಾನಾವಳ್ಯಾಗ ರೊಟ್ಟಿ ಮಾಡ್ಲಿಕ್ಕ ಹೋಗ್ತೀನಿ, ಮುಂಜಾನೆ ಹೋದ್ರ ಮೂರಕ್ಕ ಬರ್ತೀನಿ.

ಮಂಗಳವಾರ ಇಲ್ಲಿ ಗಣಪತಿ ಗುಡಿಗೆ ಬರ್ತಿದ್ದಿ ಅಲ್ಲಾ, ಮದಲಿನಂಗ? ಈ ಸಲ ಬಂದ್ರ ಮನಿಗಿ ಬಾ. ನಾ ಇರಂಗಿಲ್ಲ. ಕೀಲಿ ತುಳಸಿ ಡಬ್ಬಿ ಬುಡಕ ಇರ್ತದ. ಒಳಗ ಹೋಗು, ಒಲಿ ಹಚ್ಚು, ಏನ ಬೇಕೋ ಮಾಡ್ಕೋ. ಕೇಳಬ್ಯಾಡ. ಬುಟ್ಟ್ಯಾಗ ರೊಟ್ಟಿ ಇರ್ತಾವ.

ಮತ್ತ ಆ ತವಾ ತಗೊಂಡು ಬಾ. ನನಗಂತ ತಂದದ್ದು ನಿನ್ನ ಮನ್ಯಾಗ ಯಾಕ ಇರಬೇಕು?

ಚಂದ್ರಬಾಯಿ

ತಾ.ಕ.: ಕಾಕೂ, ನಾನು ಮಾಲಾ. ಅವ್ವ ಹೇಳಿದ ಬೈಗುಳಗಳಲ್ಲಿ ಎರಡನ್ನು ಬರೆಯಲಿಲ್ಲ. ಪೇಪರ್ ಎಲ್ಲಾ ಸುಲಭ ಇದ್ದವು.


ಟಿಟ್ವಾಳಾ, ನಿಮ್ಮ ಅಡುಗೆಮನೆಯಿಂದ
13 ಮೇ 2003, ಮಂಗಳವಾರ, ಮಧ್ಯಾಹ್ನ

ಚಂದ್ರಬಾಯಿ,

ಕಾಗದ ಸಿಗಲಿಲ್ಲ. ನಿಮ್ಮ ಕ್ಯಾಲೆಂಡರಿನ ಏಪ್ರಿಲ್ ಹಾಳೆಯನ್ನು ಹರಿದು ಅದರ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹೇಗೂ ಅದು ಮುಗಿದ ತಿಂಗಳು.

ಚಾವಿ ಹೇಳಿದಲ್ಲೇ ಇತ್ತು. ಬೀಗ ತೆಗೆಯುವಾಗ ಪಕ್ಕದ ಮನೆಯಾಕೆ ಹೊರಗೆ ಬಂದು, ಮರಾಠಿಯಲ್ಲಿ, ಯಾರು ನೀವು ಎಂದು ಜೋರಾಗಿ ಕೇಳಿದರು. ಚಂದ್ರಬಾಯಿಯ ಕಡೆಯವಳು ಎಂದು ಹೇಳಿ ಒಳಗೆ ಬಂದೆ. ಇನ್ನೊಬ್ಬರ ಮನೆಯ ಒಲೆಯ ಮುಂದೆ ನಿಂತು ಕಡ್ಡಿ ಗೀರುವುದು ಎಷ್ಟು ಕಷ್ಟವೆಂದು ನನಗೆ ಇಂದು ತಿಳಿಯಿತು. ಎರಡು ಕಡ್ಡಿ ಆರಿಹೋದವು. ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ನಾನೂ ನಿಂತು ನಿಂತು ಕೇಳಿಸಿಕೊಂಡೆ. ನೀವು ಎರಡು ತಿಂಗಳು ದಿನವೂ ಹೀಗೆ ನಿಂತದ್ದು ನೆನಪಾಗಿ, ಚಹಾ ಕುದಿಯುವವರೆಗೆ ಅತ್ತೆ.

ಚಹಾಕ್ಕೆ ನಿಮ್ಮ ಹಾಲೆಲ್ಲ ಸುರಿದಿದ್ದೇನೆ. ಗ್ಯಾಸ್ ಸಣ್ಣ ಉರಿಯಲ್ಲಿ ಇಡಲಿಲ್ಲ. ಬುಟ್ಟಿಯಿಂದ ಮೂರು ರೊಟ್ಟಿ ತಿಂದೆ, ನಾಲ್ಕನೆಯದು ಅರ್ಧ. ಜೀರ್ಣವಾಗುತ್ತದೋ ಇಲ್ಲವೋ ನಾಳೆ ಗೊತ್ತಾಗುತ್ತದೆ. ಆಗದಿದ್ದರೂ ಇನ್ನೊಮ್ಮೆ ಬರುವವಳೇ.

ತವಾವನ್ನು ಒಲೆಯ ಮೇಲೆ ಇಟ್ಟಿದ್ದೇನೆ, ಚೀಟಿಯನ್ನು ನಾನೇ ಹರಿದು ಹಾಕಿದೆ. ಅದರ ಮೇಲೆ ನಮ್ಮ ಮನೆಯ ಚಾವಿ ಇದೆ. ಡೊಂಬಿವಲಿ ದೂರವೆಂದು ಗೊತ್ತು, ನೀರು ತುಂಬಲು ಅಲ್ಲ. ಇರಲಿ ನಿಮ್ಮ ಹತ್ತಿರ.

ಶೇಂಗಾ ಹಿಂಡಿಯ ಡಬ್ಬಿ ಕಾಣದಿದ್ದರೆ ಮನೆಯೆಲ್ಲ ಹುಡುಕಬೇಡಿ. ಕದ್ದುಕೊಂಡು ಹೋಗುತ್ತಿದ್ದೇನೆ.

ನಿಮ್ಮ
ಸುಂದರಿ